ಗ್ಯಾಲರಿಯಿಂದ ಬಂದ ಶಿಳ್ಳೆ

ಬೊಲೊನ್ಯಾ, ಮಂಗಳವಾರ

ಪ್ರೀತಿಯ ಅಪ್ಪಾ,

ಹತ್ತು ದಿನದಿಂದ ನೀನು ಸರಿಯಾಗಿ ಊಟ ಮಾಡುತ್ತಿಲ್ಲವೆಂದು ಅಮ್ಮ ಬರೆದಿದ್ದಾಳೆ. ಮಗಳು ಮೊದಲ ಸಲ ಒಪೆರಾದಲ್ಲಿ ಹಾಡಿದಾಗಲೇ ಶಿಳ್ಳೆ ಹೊಡೆದು ಅವಮಾನ ಮಾಡಿದೆನಲ್ಲ ಎಂಬ ಕೊರಗಂತೆ.

ಇಲ್ಲಿ ನನಗೆ ಪಿಯಾನೋ ನುಡಿಸುವ ಜೆಲಿಂಡಾ ಕೂಡ ಕೇಳಿದಳು: "ಅಲ್ವೇ, ಸ್ವಂತ ಅಪ್ಪನೇ ಹಾಗೆ ಮಾಡೋದಾ?"

"ಶ್ರುತಿ ತಪ್ಪಿದ್ದು ನಾನು ತಾನೆ?" ಎಂದೆ. "ಪಾರ್ಮಾದ ಒಪೆರಾ ಗ್ಯಾಲರೀಲಿ ಮೂವತ್ತು ವರ್ಷ ಕೂತು, ಸ್ವರ ತಪ್ಪಿದವರಿಗೆಲ್ಲಾ ಶಿಳ್ಳೆ ಹೊಡೆದಿರೋ ಮನುಷ್ಯ, ಮಗಳು ಅಂತ ಬಿಟ್ಬಿಡ್ತಾನಾ?"

ಈ ಭಾನುವಾರ ಅದೇ ರಂಗಮಂದಿರದಲ್ಲಿ ನನ್ನೊಬ್ಬಳದೇ ಗಾಯನ ಕಚೇರಿ. ಅಂದು ತಪ್ಪಿದ ಆ ಮೇಲಿನ ಸ್ವರವನ್ನು ದಿನಾ ತಿದ್ದುತ್ತಿದ್ದೇನೆ. ನೀನು ಬರಲೇಬೇಕು. ಮುಂದಿನ ಸಾಲಿನಲ್ಲಿ ಅಮ್ಮ ಕೂರಲಿ. ನೀನು ಎಂದಿನಂತೆ ಗ್ಯಾಲರಿಯಲ್ಲೇ, ಕ್ಷೌರದಂಗಡಿಯ ಅಮೋಸ್ ಮಾಮನ ಪಕ್ಕ ಕೂತುಕೋ. ತಪ್ಪಿದರೆ ಶಿಳ್ಳೆ ಹೊಡಿ. ಸುಮ್ಮಸುಮ್ಮನೆ ಚಪ್ಪಾಳೆ ಮಾತ್ರ ತಟ್ಟಬೇಡ. ಕಚೇರಿ ಮುಗಿದ ಮೇಲೆ ಊಟಕ್ಕೆ ಮನೆಗೇ ಬರುತ್ತೇನೆ. ಸಾರಿನಲ್ಲಿ ಬೇಯಿಸಿದ ಆನೊಲಿನಿ ಕಡುಬು ಇರಲೆಂದು ಅಮ್ಮನಿಗೆ ಹೇಳು.

ಅಂದು ಅಷ್ಟು ಶಿಳ್ಳೆಗಳ ನಡುವೆಯೂ ನಿನ್ನದು ತಕ್ಷಣ ಗೊತ್ತಾಯಿತು. ಚಿಕ್ಕಂದಿನಲ್ಲಿ ಬೀದಿಯಲ್ಲಿ ಆಡುತ್ತಿದ್ದ ನನ್ನನ್ನು ಕಿಟಕಿಯಿಂದ ಊಟಕ್ಕೆ ಕರೆಯುತ್ತಿದ್ದೆಯಲ್ಲ, ಅದೇ ಶಿಳ್ಳೆ. ನನಗೆ ಅಳು ಬರಲಿಲ್ಲ ಅಪ್ಪಾ, ಹಸಿವಾಯಿತು.

ನಿನ್ನ ಮಗಳು,
ಓರ್ನೆಲ್ಲಾ