ಹಿಸ್ಟೋನಿಗೆ ಸೊನ್ನೆ

೧೨ ಫೆಬ್ರವರಿ ೧೯೮೧, ಕೋಲಾರ
ಫೈನಲ್ ಬಿ.ಎಸ್ಸಿ.ಗೆ ಮತ್ತೆ ಕೋಶ ವಿಭಜನೆಯ ಪಾಠ. ಪುಸ್ತಕದಲ್ಲಿ ಒಂದೇ ಸಾಲು — ಕ್ರೋಮೋಸೋಮ್‌ಗಳು ನೀರು ಕಳೆದುಕೊಂಡು ದಪ್ಪಗಾಗುತ್ತವೆ. ಅರವತ್ತಮೂರರಲ್ಲಿ ನಾನು ಉರು ಹೊಡೆದದ್ದೂ ಇದನ್ನೇ. ಸರ್ಕಾರಗಳು ಬಿದ್ದವು, ಈ ಸಾಲು ಬೀಳಲಿಲ್ಲ.

ಗೌನಿಪಲ್ಲಿಯ ಆದಿಲಕ್ಷ್ಮಿ ಎದ್ದಳು. "ಸಾರ್, ರೇಷ್ಮೆ ಎಳೆ ಗೋಜಲಾದ್ರೆ ನಮ್ಮಮ್ಮ ಬೈದು ಬೈದು ಬಿಡಿಸ್ತಾಳೆ. ಇಷ್ಟುದ್ದದ ಎಳೆ ತಾನಾಗೇ ಹೆಂಗೆ ಸುತ್ಕೊಳ್ತದೆ? ನೀರು ಹೋದ್ರೆ ಸಾಕಾ?"

"ಕೂತ್ಕೊಳಮ್ಮಾ, ಎಕ್ಸಾಮ್‌ಗೆ ಬರಲ್ಲ!" ಹಿಂದಿನ ಬೆಂಚು.

ಜರ್ನಲ್ ನೋಡಿ ಬರೆದುಕೊಂಡ ನೋಟ್ಸ್ ತೆಗೆದೆ. ಕ್ರೋಮೋಸೋಮಿನ ಡಿ.ಎನ್.ಎ. ಎಳೆ ಸುತ್ತಿರುವುದು ಹಿಸ್ಟೋನ್ ಎಂಬ ಪ್ರೋಟೀನಿಗೆ. ವಿಭಜನೆ ಹತ್ತಿರವಾದಂತೆ ಹಿಸ್ಟೋನಿಗೆ ಫಾಸ್ಫೇಟ್ ಅಂಟುತ್ತದೆ, ಕ್ರೋಮೋಸೋಮ್ ಬಿಗಿಯುತ್ತದೆ. ವಿಭಜನೆ ಮುಗಿದರೆ ಫಾಸ್ಫೇಟ್ ಕಳಚುತ್ತದೆ, ಎಳೆ ಸಡಿಲ. ಅದೇ ಕಾರಣವೋ, ಜೊತೆಗೆ ನಡೆಯುವುದೋ — ಇನ್ನೂ ಇತ್ಯರ್ಥವಾಗಿಲ್ಲ. ಅದನ್ನೂ ಹೇಳಿದೆ.

"ಎಕ್ಸಾಮಲ್ಲಿ ಇದನ್ನೇ ಬರೀಲಾ ಸಾರ್?"

"ಧೈರ್ಯವಾಗಿ ಬರಿ."

೪ ಮೇ, ಬೆಂಗಳೂರು
ಉತ್ತರಪತ್ರಿಕೆಗಳ ವ್ಯಾಲ್ಯುಯೇಷನ್. ಹತ್ತು ಅಂಕದ ಪ್ರಶ್ನೆ ಅದೇ ಬಂದಿದೆ. ಕೀ ಉತ್ತರ — ನೀರು. ಬೇರೆ ಬರೆದವರಿಗೆ ಸೊನ್ನೆ.

"ಯಾರದಾದ್ರೂ ಅಬ್ಜೆಕ್ಷನ್?" ಚೇರ್ಮನ್ ಕೇಳಿದರು. ಆಗ ನಾಲ್ಕೂವರೆ. ಐದರ ಬಸ್ಸು ತಪ್ಪಿದರೆ ಕೋಲಾರದವರೆಗೂ ನಿಂತೇ ಬರಬೇಕು. ಕೀಗೆ ರುಜು ಹಾಕಿದೆ. ಕಿಟಕಿ ಪಕ್ಕ ಸೀಟು ಸಿಕ್ಕಿತು.

೧೯ ಜೂನ್
ಆದಿಲಕ್ಷ್ಮಿ ಫೇಲು. ಒಂದೇ ಪೇಪರು. ನಾಲ್ಕೇ ಅಂಕ ಕಡಿಮೆ.

೨೧ ಜೂನ್, ಭಾನುವಾರ
ಆದಿಲಕ್ಷ್ಮಿಯ ಅಪ್ಪ ಗಂಗುಲಪ್ಪ ಮಗಳನ್ನು ಕರೆದುಕೊಂಡು ಮನೆಗೇ ಬಂದ. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಪಾಸಾದ್ರೆ ಎಂ.ಎಸ್ಸಿ., ಇಲ್ಲಾಂದ್ರೆ ಅವಳ ಸೋದರಮಾವಂಗೆ ಕೊಡೋದು ಅಂತ ಮಾತಾಗಿತ್ತು ಸಾರ್. ಶ್ರಾವಣದಾಗೆ ಮುಹೂರ್ತ. ಯಾವನೋ ಏಮೀ ತಿಳೀದೋನು ತಿದ್ದವ್ನೆ."

"ನೀವು ಹೇಳಿದ್ದೇ ಬರೆದೆ ಸಾರ್," ಅಂದಳು ಅವಳು. "ಉತ್ತರ ಸರಿ ಅಂತ ಒಂದು ಕಾಗದ ಬರೆದುಕೊಡಿ. ಯೂನಿವರ್ಸಿಟಿಯೋರು ಮತ್ತೆ ನೋಡ್ಬೋದು. ಕೀ ಉತ್ತರದಲ್ಲಿ ನೀರು ಅಂತಷ್ಟೇ ಇತ್ತಂತೆ. ಆ ಕೀ ಒಪ್ಕೊಂಡೋರು ಯಾರು ಸಾರ್?"

ಗೊತ್ತಿಲ್ಲ ಅಂದೆ.

೨೪ ಜೂನ್
ಎಪ್ಪತ್ತೈದರ ಎಮರ್ಜೆನ್ಸಿಯಲ್ಲಿ ಬಾಯಿ ಮುಚ್ಚಿಕೊಂಡು ಕೂತವರ ಹೆಸರುಗಳು ನನಗೆ ಇಂದಿಗೂ ಬಾಯಿಪಾಠ. ಸಿಕ್ಕಿದಲ್ಲೆಲ್ಲ ಬೈದಿದ್ದೇನೆ. ಅವರಿಗೆ ಜೈಲಿನ ಭಯವಾದರೂ ಇತ್ತು…

ನಾಳೆ ಬೆಳಿಗ್ಗೆ ಕಾಗದಕ್ಕೆ ಬರುತ್ತಾಳೆ. ಮೂರು ಹಾಳೆ ಹರಿದೆ. ನಾಲ್ಕನೆಯದನ್ನು ಇಲ್ಲೇ ಬರೆದು ನೋಡುತ್ತೇನೆ —

ಮಾನ್ಯರೇ, ಈ ಉತ್ತರ ಸರಿ. ರುಜು ಹಾಕುವಾಗಲೇ ಕೀ ತಪ್ಪೆಂದು ನನಗೆ ತಿಳಿದಿತ್ತು. ಆದರೂ ನಾನು