ನೀಮಾ ಕಟ್ಟಿದ ಫೀಸು

ಕೆಂಗೇರಿ ಉಪನಗರ
12-7-2025

ಪ್ರೀತಿಯ ನೀಮಾಳಿಗೆ ನರಸಮ್ಮ ಆಂಟಿಯ ಆಶೀರ್ವಾದಗಳು.

ನಾವೆಲ್ಲ ಚೆನ್ನಾಗಿದ್ದೇವೆ. ಟಾಂಜಾನಿಯಾದಲ್ಲಿ ನಿಮ್ಮ ಮನೆಯವರೂ ಹಾಗೇ ಇರಲಿ. ಉತ್ತರ ಬರೆಯಲು ತಡವಾಯಿತು, ಬೈಯಬೇಡ. ಹಾಸ್ಟೆಲ್ ಅಡುಗೆಮನೆಯಿಂದ ನನಗೆ ಬಿಡುವೆಲ್ಲಿ? ಕನ್ನಡ ಮರೆತಿದ್ದರೆ ಗಟ್ಟಿಯಾಗಿ ಓದಿಕೋ. ಮೂರು ವರ್ಷ ಆಸ್ಪತ್ರೆಯ ಅಜ್ಜಿಯರಿಗೆ ಇಂಜೆಕ್ಷನ್ ಕೊಡುತ್ತಾ, ಬೈಸಿಕೊಳ್ಳುತ್ತಾ ಕಲಿತ ಕನ್ನಡ ಅಷ್ಟು ಬೇಗ ಹೋಗುವುದಿಲ್ಲ.

ಕೊನೆಯ ವರ್ಷದ ಫೀಸು ಹೊಂದಿಸಲಾಗದೆ ನೀನು ಊರಿಗೆ ಹೋದ ಮೇಲೆ ನಮ್ಮ ಚೇತನಾ ಕ್ಲಾಸಿನಲ್ಲಿ ಒಂಟಿಯಾದಳು. ಹೇಗೋ ನನ್ನ ಮಗಳು ನರ್ಸಿಂಗ್ ಮುಗಿಸಿದಳು. ರಾಜಾಜಿನಗರದ ಆಸ್ಪತ್ರೆಯೊಂದರಲ್ಲಿ ಕೆಲಸವೂ ಸಿಕ್ಕಿದೆ. ಕಾಲೇಜಿನ ಪದವಿ ಸಮಾರಂಭಕ್ಕೆ ನಾನು ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲೇ ಕೂತೆ. ಮೆಸ್ಸಿನವಳೆಂದು ಯಾರು ಎಬ್ಬಿಸುತ್ತಾರೋ ನೋಡೇಬಿಡೋಣ ಅಂತ!

ಅಲ್ಲಿ ಪ್ರಿನ್ಸಿಪಾಲ್ ಕರಿಬಸಪ್ಪನವರ ಮಾತು ಕೇಳಿ ದಂಗಾದೆ. "ನಮ್ಮಲ್ಲಿ ಇಪ್ಪತ್ತು ದೇಶದ ಮಕ್ಕಳಿದಾರೆ. ಒಬ್ಬೊಬ್ರೂ ಇಲ್ಲಿನೋರ ಮೂರರಷ್ಟು ಫೀಸ್ ಕಟ್ತಾರೆ. ಈ ಲ್ಯಾಬು, ಹೊಸ ಬಸ್ಸು, ಬಡಮಕ್ಕಳ ಫೀಸ್ ರಿಯಾಯ್ತಿ, ಎಲ್ಲಾ ಅದ್ರಿಂದಾನೇ" ಎಂದರು.

ರಿಯಾಯಿತಿ ಎಂದರೆ ಚೇತನಾಳದು! ಅದು ಸರ್ಕಾರದ್ದೆಂದು ತಿಳಿದು ಕಂಡಕಂಡ ಮಂತ್ರಿಗಳ ಫೋಟೋಗೆಲ್ಲ ಕೈ ಮುಗಿದಿದ್ದೆ. ಕೊಡುತ್ತಿದ್ದವಳು ನೀನು, ತಟ್ಟೆ ಹಿಡಿದು ನನ್ನೆದುರೇ ನಿಂತಿದ್ದೆ. "ಆಂಟಿ, ಇನ್ನೊಂದು ಮುದ್ದೆ ಹಾಕಿ, ನಮ್ಮೂರಿನ ಉಗಾಲಿ ಥರಾನೇ ಇದೆ" ಎಂದರೆ "ಎಷ್ಟು ತಿಂತೀಯೇ" ಎಂದು ರೇಗುತ್ತಿದ್ದೆನಲ್ಲ ತಾಯಿ! ಎಲ್ಲಿಯ ನಿಮ್ಮೂರ ಸರೋವರ, ಎಲ್ಲಿಯ ಕೆಂಗೇರಿ? ನಿಮ್ಮಪ್ಪ ಅಲ್ಲಿ ಮೀನು ಮಾರಿದ ದುಡ್ಡು ಇಲ್ಲಿ ನನ್ನ ಮಗಳನ್ನೂ ಓದಿಸಿದೆ. ಅವತ್ತು ಲ್ಯಾಬಿನ ಗೋಡೆ, ಬಸ್ಸಿನ ಬಾಗಿಲು ಎಲ್ಲವನ್ನೂ ಹುಚ್ಚಿಯ ಹಾಗೆ ಮುಟ್ಟಿ ನೋಡಿಕೊಂಡು ಬಂದೆ.

ಅಪ್ಪನ ವ್ಯಾಪಾರ ಚೇತರಿಸಿಕೊಳ್ಳಲಿ. ಉಳಿದ ಒಂದು ವರ್ಷವನ್ನು ನೀನು ಇಲ್ಲೇ ಬಂದು ಮುಗಿಸುವಂತಾಗಲಿ. ನಿನ್ನ ಕೈಗುಣ ಯಾವತ್ತೂ ಕೆಡದಿರಲಿ.

ಇಂತಿ,
ನಿನ್ನ ನರಸಮ್ಮ ಆಂಟಿ

ತಾ.ಕ.: ನಿನಗೂ ಒಂದು ವರ್ಷದ ರಿಯಾಯಿತಿ ಕೊಡಿ ಎಂದು ಕರಿಬಸಪ್ಪನವರನ್ನು ಕೇಳಿದೆ. ಕೆಟ್ಟವರಲ್ಲ ಅವರು. ತಲೆ ತಗ್ಗಿಸಿ, "ಹೊರದೇಶದೋರಿಗೇ ರಿಯಾಯ್ತಿ ಕೊಟ್ರೆ ಚೇತನಾಂಥೋರಿಗೆ ಎಲ್ಲಿಂದ ತರ್ಲಿ ನರಸಮ್ಮ?" ಎಂದರು. ಚೇತನಾ ತನ್ನ ಪದವಿ ಪತ್ರಕ್ಕೆ ಫ್ರೇಮ್ ಹಾಕಿಸಿಕೊಂಡು ಬಂದಿದ್ದಾಳೆ. ಗೋಡೆಯಲ್ಲಿ ಜಾಗವಿಲ್ಲ ಎಂದು ಬೀರುವಿನಲ್ಲಿ ಇಡಿಸಿದೆ. ಜಾಗ ಇದೆ, ನೀಮಾ. ಮೊಳೆ ಹೊಡೆಯಲು ನನಗೆ ಕೈ ಏಳುತ್ತಿಲ್ಲ.