ಊಟಕ್ಕೆ ಮುಂಚಿನ ಮಾತು

ಉಮರ್ಗಾ
೧೨ ಫೆಬ್ರವರಿ ೧೯೫೫

ನನ್ನ ಬಂಗಾರದ ಮಮ್ಮಿಗೆ ನಿನ್ನ ಪ್ರಿಸ್ಸಿಯ ಸಾವಿರ ಮುತ್ತುಗಳು!

ಮದುವೆಯಾಗಿ ಎಂಬತ್ತೊಂದು ದಿನ! ಇವತ್ತೂ ಮೌಲಾಲಿ ಶಾಲೆಯಲ್ಲಿ ಪಾಠ ಮುಗಿಸಿ ಬರುವಾಗ ನನಗೆಂದು ಬಿಸಿ ಶೇಂಗಾ ತಂದರು. ಕೋಟಿನ ಜೇಬೆಲ್ಲ ಹೊಟ್ಟು! ಎಂಥ ಡಾರ್ಲಿಂಗ್ ಮನುಷ್ಯ! ಪಾದ್ರಿಯ ಮಗಳೆಂದು ಈ ಮುಸಲ್ಮಾನರ ಮನೆಯಲ್ಲಿ ಯಾರೂ ನನ್ನನ್ನು ಬೇರೆ ಮಾಡಿಲ್ಲ. ಸುಖವಾಗಿದ್ದೇನೆ, ಮಮ್ಮಿ. ಸ್ವಲ್ಪ ದಣಿದಿದ್ದೇನೆ, ಅಷ್ಟೆ.

ಅಪ್ಪನ ಕಾರ್ಡು ಬಂದು ಐದು ದಿನವಾಯಿತು. ‘ದೇವರ ಕುಮಾರನನ್ನು ಬಿಟ್ಟೆಯೋ ಇಲ್ಲವೋ? ಬಿಟ್ಟಿದ್ದರೆ ಈಸ್ಟರಿಗೆ ಬೀದರಿಗೆ ಬರಬೇಡ.’ ಇಷ್ಟೇ. ಕೆಳಗೆ ಸಹಿಯೂ ಇಲ್ಲ.

ಹೋದ ತಿಂಗಳು ಇಲ್ಲಿಗೆ ಬಂದು ಉಣ್ಣದೆ ಹೋದದ್ದನ್ನು ಅವರು ನಿನಗೆ ಪೂರ್ತಿ ಹೇಳಿರಲಾರರು. ಈ ಮನೆಯಲ್ಲಿ ಒಂದೇ ದೊಡ್ಡ ತಟ್ಟೆಯ ಸುತ್ತ ಎಲ್ಲರೂ ಕೂರುತ್ತೇವೆ. ನೀನು ಕಲಿಸಿದ ಹಾಗೆ ನಾನು ಗಟ್ಟಿಯಾಗಿ ಪ್ರಾರ್ಥಿಸಿ, ‘ನಿನ್ನ ಮಗನ ಹೆಸರಿನಲ್ಲಿ’ ಎಂದು ಮುಗಿಸುತ್ತಿದ್ದೆ. ಆ ಮಾತು ಬಂದೊಡನೆ ಅತ್ತೆ ಕೈ ಹಿಂದೆಗೆಯುತ್ತಿದ್ದರು. ಆಮೇಲೆ ಒಳಗೆ ಒಬ್ಬರೇ ಒಣ ರೊಟ್ಟಿ ತಿನ್ನುತ್ತಿದ್ದರು. ಮಡಿವಂತಿಕೆ ಎಂದುಕೊಂಡಿದ್ದೆ.

ಅಪ್ಪ ಅದನ್ನು ಕಂಡು ಬಿಡುತ್ತಾರೆಯೇ? ಗ್ರಂಥ ತೆರೆದರು. ಮಗನೆಂದು ತಂದೆಯಾದ ದೇವರೇ ಸಾಕ್ಷಿ ನುಡಿದಿದ್ದಾನೆ ಎಂದರು. ಮಾವನವರು, “ಈಸಾ ಪೈಗಂಬರರ ಹೆಸರು ನಾವೂ ಅದಬಿಲೆ, ಮರ್ಯಾದಿಲೆ ತಗೋತೀವ್ರಿ. ಆದ್ರ ಅಲ್ಲಾಹ ಯಾರನ್ನೂ ಹಡದಿಲ್ಲ, ಅಂವಗೂ ಯಾರೂ ಹಡದಿಲ್ಲ” ಎಂದರು. ಇದು ಮೈಯಿಂದಾದ ಮಗನ ಮಾತಲ್ಲ ಎಂದರು ಅಪ್ಪ. ಹಾಗಿದ್ದರೆ ಮಗ ಎನ್ನುವುದೇಕೆ ಎಂದರು ಮಾವ. ಸಾರಿನ ಮೇಲೆ ಕೊಬ್ಬು ಹೆಪ್ಪುಗಟ್ಟಿತು. ಮಜ್ಜಿಗೆ ಕೊಡಲು ಬಂದಿದ್ದ ನೆರೆಮನೆಯ ಗುಂಡಮ್ಮ, “ನಮ್ಮ ಶಿವಗ ಇಬ್ಬರು ಗಂಡಮಕ್ಕಳವ್ವ, ಯಾರ ಊಟಾನೂ ಕೆಡಸಿಲ್ಲ!” ಎಂದು ನಕ್ಕಳು. ನಾನೂ ನಕ್ಕುಬಿಟ್ಟೆ.

ಆಗ ಅತ್ತೆ ಮಾತಾಡಿದರು. ಅವರ ಹಿರಿಯ ಮಗ ಚಾಂದಪಾಶಾ ಪೊಲೀಸ್ ಆಕ್ಷನ್ನಿನ ಗಲಭೆಯ ವರ್ಷ ಪಕ್ಕದ ತುರೋರಿ ಊರಿಗೆ ಹೋದವರು ಮರಳಲಿಲ್ಲ. ಮಣ್ಣು ಕೊಡಲು ಹೆಣವೂ ಸಿಗಲಿಲ್ಲ. “ಪಾದ್ರಿಸಾಬ, ದೇವರಿಗಿ ಮಗ ಇದ್ದಿದ್ರ, ಮಗ ಸತ್ರ ಹ್ಯಾಂಗ ಆಗತದ ಅಂತ ಅಂವಗ ಗೊತ್ತಿರತಿತ್ತು. ಗೊತ್ತಿದ್ದಂವ ನನ್ನ ಚಾಂದಗ ಹಾಂಗ ಆಗಗೊಡತಿದ್ನೇನ್ರಿ?”

ಇದಕ್ಕೆ ನಮ್ಮಲ್ಲಿ ಉತ್ತರವಿದೆ: ದೇವರು ತನ್ನ ಒಬ್ಬನೇ ಮಗನನ್ನು ನಮಗಾಗಿ ಸಾಯಲು ಕೊಟ್ಟ. ಶಾಲೆಯಲ್ಲಿ ಬಾಯಿಪಾಠ ಒಪ್ಪಿಸಿ ನಾನು ಬಹುಮಾನ ಗೆದ್ದಿದ್ದೆ. ಅಪ್ಪ ಆ ಪುಟ ಹುಡುಕತೊಡಗಿದರು. ಅವರು ಹುಡುಕುತ್ತಿದ್ದಾಗಲೇ ಅತ್ತೆ ಆರಿದ ತಟ್ಟೆಯನ್ನೆತ್ತಿ ಒಳಗೆ ಒಯ್ದರು.

ಅಪ್ಪನಿಗೆ ಹೇಳು, ನಾನು ಯಾರನ್ನೂ ಬಿಟ್ಟಿಲ್ಲ. ಭಾನುವಾರ ಒಬ್ಬಳೇ ಕೂತು ಕೀರ್ತನೆ ಹಾಡುತ್ತೇನೆ, ಮೌಲಾಲಿ ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಕೂರುತ್ತಾರೆ. ಈಸ್ಟರಿಗೆ ಬಂದೇ ಬರುತ್ತೇನೆ!

ನಿನ್ನ ಮುದ್ದು, ದಣಿದ
ಪ್ರಿಸ್ಸಿ

ಮತ್ತೆ: ಇದನ್ನು ಅಪ್ಪನಿಗೆ ಓದಿ ಹೇಳಬೇಡ. ಅಪ್ಪ ಹೋದ ಮರುದಿನದಿಂದ ತಟ್ಟೆಯ ಮುಂದೆ ‘ಮಗನ ಹೆಸರಿನಲ್ಲಿ’ ಎಂಬ ಆ ಒಂದು ಮಾತನ್ನು ನಾನು ಹೇಳುತ್ತಿಲ್ಲ, ಮನಸ್ಸಿನಲ್ಲೂ. ಯಾರೂ ಬೇಡವೆನ್ನಲಿಲ್ಲ. ಮೊದಲ ದಿನ ಅತ್ತೆ ಆ ಮಾತಿಗಾಗಿ ಬಹಳ ಹೊತ್ತು ಕಾದರು. ಬರಲಿಲ್ಲ. ಆಮೇಲೆ ನನ್ನ ಪಕ್ಕದಲ್ಲೇ ಅನ್ನ ಕಲಸಿದರು. ಮಮ್ಮಿ, ಇದನ್ನು ಬಿಟ್ಟದ್ದು ಅನ್ನುತ್ತಾರಾ? ನೀನು ಹೌದೆಂದರೆ ನಾನು ಈಸ್ಟರಿಗೆ ಬರುವುದಿಲ್ಲ.